ಈ ಸಲ ನನ್ನ ಹೆಸರು ಕೊಡಬೇಡ

ಬಳ್ಳಾರಿ
ಆಗಸ್ಟ್ 3, 2025, ಭಾನುವಾರ

ಪ್ರೀತಿಯ ದೋಸ್ತಾ,

ಗುರುವಾರ ರಾತ್ರಿ ಫೋನಿನಲ್ಲಿ ನೀನು ಒಂದೇ ಸಮನೆ ಮಾತಾಡಿದೆ. ಮೊಣಕಾಲು ಪೂರ್ತಿ ಸರಿಹೋಗಿದೆ, ಡಾಕ್ಟರು ಒಪ್ಪಿದ್ದಾರೆ, ಬರುವ ಜನವರಿಗೆ ಇಬ್ಬರೂ ಮುಂಬೈ ಮ್ಯಾರಥಾನ್ ಓಟಕ್ಕೆ ಹೋಗೋಣ, ಹೆಸರು ಕೊಡೋದು ಶುರುವಾದ ಕೂಡಲೇ ನಿನ್ನ ದುಡ್ಡೂ ನಾನೇ ಕಟ್ಟಿಬಿಡ್ತೀನಿ ಎಂದೆ. ನಿನ್ನ ದನಿಯಲ್ಲಿ ಅಷ್ಟು ಖುಷಿ ಕೇಳಿ ಎಷ್ಟು ದಿನವಾಗಿತ್ತು! ನಾನು "ಆಯ್ತು, ನೋಡೋಣ" ಎಂದು ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ.

ನಿನಗೆ ಒಂದು ಮಾತು ಹೇಳಬೇಕು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೆಬ್ರವರಿಯಿಂದ ಪ್ರತಿ ಭಾನುವಾರ ನೀನು ಕಲಬುರಗಿಯಿಂದ ಫೋನ್ ಮಾಡಿ "ಇವತ್ತು ಎಷ್ಟು?" ಎಂದು ಕೇಳುತ್ತಾ ಬಂದೆ. ನಾನು ಒಮ್ಮೆ ಹತ್ತು ಎಂದೆ, ಒಮ್ಮೆ ಹನ್ನೆರಡು ಎಂದೆ. ಏಪ್ರಿಲ್‌ನಲ್ಲಿ "ಬಿಸಿಲು ಜಾಸ್ತಿ, ಆರಕ್ಕೇ ನಿಲ್ಲಿಸಿದೆ" ಎಂದೆ. ಒಂದೂ ನಿಜವಲ್ಲ. ಮುಂಬೈಯಿಂದ ಬಂದ ಮೇಲೆ ಜುಲೈವರೆಗೆ ನಾನು ಒಂದು ಕಿಲೋಮೀಟರ್ ಕೂಡ ಓಡಿರಲಿಲ್ಲ.

ಬೇರೆ ಯಾರಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ನಿನಗೆ ಹೇಳಲು ಆಗಲಿಲ್ಲ, ಏಕೆಂದರೆ ಆ ಓಟ ಮೊದಲು ನಿನ್ನದು. ನಿನ್ನ ಶುಗರ್ ರಿಪೋರ್ಟ್ ಬಂದ ವಾರ ನೀನೇ ನನ್ನನ್ನು ಮುನ್ಸಿಪಲ್ ಮೈದಾನಕ್ಕೆ ಎಳೆದುಕೊಂಡು ಹೋದೆ. ಎರಡು ಸುತ್ತು ಓಡಿ ಇಬ್ಬರೂ ಕಟ್ಟೆ ಮೇಲೆ ಕೂತು ಏದುಸಿರು ಬಿಟ್ಟೆವು. ಮೈದಾನದಿಂದ ಎಚ್‌ಎಲ್‌ಸಿ, ಅಂದರೆ ತುಂಗಭದ್ರಾ ಡ್ಯಾಮಿನ ಮೇಲ್ಮಟ್ಟದ ಕಾಲುವೆಯ ಏರಿಗೆ ಬಂದದ್ದೂ ನಿನ್ನಿಂದಲೇ. ಅಲ್ಲಿ ನೆಲ ಮೆತ್ತಗಿದೆ, ಗಾಡಿಗಳ ಕಾಟವಿಲ್ಲ ಎಂದೆ.

ಹೋದ ವರ್ಷ ಆಗಸ್ಟ್ ನೆನಪಿದೆಯಾ? 11ನೇ ತಾರೀಕು ಭಾನುವಾರ. ನಾವು ಏರಿ ಮೇಲೆ ಹೋಗುತ್ತಿದ್ದರೆ ಎಮ್ಮೆ ಹೊಡೆದುಕೊಂಡು ಬರುವ ತಾತ ನಿಂತು, "ಡ್ಯಾಮಿನ ಗೇಟು ಕೊಚ್ಕೊಂಡು ಹೋಗೈತಂತೆ" ಎಂದ. ನಾವು ನಂಬಲಿಲ್ಲ. ಮನೆಗೆ ಬಂದು ಟಿವಿ ಹಾಕಿದರೆ ನಿಜ. ಹಿಂದಿನ ರಾತ್ರಿ ಚೈನ್ ಕಡಿದು ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಹೋಗಿತ್ತು. ಆ ವಾರ ಊರಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಗೆ ಮಿಷನ್ ಮುಂದೆ ಕೂತವರಲ್ಲಿ ಅರ್ಧ ಜನಕ್ಕೆ ಹಳ್ಳಿಯಲ್ಲಿ ಒಂದೆರಡು ಎಕರೆ ಇದೆ. ಭತ್ತ ಬರುತ್ತೋ ಇಲ್ಲವೋ ಎಂಬ ಚಿಂತೆ ಎಲ್ಲರ ಮುಖದಲ್ಲಿ. ಹರಿಯುವ ನೀರಿನಲ್ಲೇ ಗೇಟಿನ ಬದಲು ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆ ಇಳಿಸಿ ತಡೆದರಲ್ಲ, ಆ ಸುದ್ದಿ ಬಂದ ದಿನ ನೀನು ಸಿಹಿ ತಂದಿದ್ದೆ. ಅದೇ ದಿನ ಸಂಜೆ ಇಬ್ಬರೂ ಕೂತು ಮುಂಬೈ ಓಟಕ್ಕೆ ಹೋಗುವುದೆಂದು ಮಾತು ಮುಗಿಸಿದೆವು.

ನವೆಂಬರಿನಲ್ಲಿ ನಿನ್ನ ಮೊಣಕಾಲು ಊದಿಕೊಂಡಿತು. ಡಿಸೆಂಬರಿನಲ್ಲಿ ವರ್ಗವೂ ಆಯಿತು. ಸ್ಟೇಷನ್ನಿನಲ್ಲಿ ನೀನು ಹೇಳಿದ್ದು ಒಂದೇ ಮಾತು. "ನನ್ನ ಪಾಲೂ ನೀನೇ ಓಡು." ಇಷ್ಟಾದ ಮೇಲೆ ನಿನಗೆ ಹೇಗೆ ಹೇಳಲಿ? ನಿನಗೆ ಸಿಗದೇ ಹೋದದ್ದು ನನಗೆ ಸಿಕ್ಕಿತು, ಈಗ ನನಗೇ ಅದು ಬೇಡವಾಗಿದೆ ಅಂತ ಹೇಳಲು ನಾಲಿಗೆ ಏಳಲಿಲ್ಲ.

ಓಟದ ದಿನದ ಕತೆ ನಿನಗೆ ಹತ್ತು ಸಲ ಹೇಳಿದ್ದೇನೆ. ಬೆಳಗಿನ ಜಾವ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ನಿಂತಾಗ ಎಷ್ಟು ಜನ, ಎಷ್ಟು ಗದ್ದಲ! ಸಮುದ್ರದ ಮೇಲಿನ ಸೇತುವೆಯಲ್ಲಿ ತಣ್ಣನೆ ಗಾಳಿ. 30 ಕಿಲೋಮೀಟರ್ ಆಚೆಗೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಮುಗಿಯುತ್ತಾ ಬರುತ್ತದೆ ಎಂದು ನೀನು ಮೊದಲೇ ಎಚ್ಚರಿಸಿದ್ದೆ. ನನಗೆ 32ರಲ್ಲಿ ಮುಗಿಯಿತು. ಪೆಡ್ಡರ್ ರೋಡಿನ ಏರಿನಲ್ಲಿ ಕಾಲು ಮಾತು ಕೇಳಲಿಲ್ಲ. ಅಲ್ಲೊಬ್ಬ ಅಜ್ಜಿ ಸ್ಟೀಲ್ ತಟ್ಟೆಯಲ್ಲಿ ಕಿತ್ತಳೆ ತೊಳೆ ಇಟ್ಟುಕೊಂಡು ನಿಂತಿದ್ದರು. ಬಾಯಿ ತೆಗೆ ಎಂದು ಸನ್ನೆ ಮಾಡಿ ತಾವೇ ಬಾಯಿಗೆ ಹಾಕಿದರು. 5 ಗಂಟೆ 12 ನಿಮಿಷಕ್ಕೆ ಗೆರೆ ದಾಟಿದೆ. ನಿನಗೆ ಫೋನ್ ಮಾಡಿದೆ. ಇಬ್ಬರೂ ಅತ್ತೆವು. ಅದರಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ನಾನು ಹೇಳದೇ ಉಳಿದದ್ದು ಅದರ ನಂತರದ್ದು.

ಮೊದಲ ವಾರ ಹಬ್ಬದ ಹಾಗಿತ್ತು. ಯೂನಿಟ್ಟಿನಲ್ಲಿ ಮಾಲೀಕರು ಶಾಲು ಹೊದಿಸಿದರು. ಎಲ್ಲರಿಗೂ ಒಗ್ಗರಣೆ, ಮಿರ್ಚಿ ತರಿಸಿದರು. ಮನೆಯಲ್ಲಿ ಪದಕವನ್ನು ಶೋಕೇಸಿನಲ್ಲಿ, ಅಪ್ಪನ ಫೋಟೋ ಪಕ್ಕದಲ್ಲಿ ಇಟ್ಟರು. ಮೆಟ್ಟಿಲು ಇಳಿಯುವಾಗ ನಾನು ಗೋಡೆ ಹಿಡಿದು ಹಿಂದುಮುಂದಾಗಿ ಇಳಿಯುವುದನ್ನು ನೋಡಿ ಮಗನಿಗೆ ನಗುವೋ ನಗು. ಅಷ್ಟು ದೂರ ಓಡಿದರೆ ಮಾಂಸಖಂಡ ಸರಿಹೋಗಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಸುಮ್ನೆ ಇರು ಎಂದು ನೀನು ಹೇಳಿದ್ದೆ. ಹಾಗೇ ಇದ್ದೆ. ಮೂರು ವಾರಕ್ಕೆ ಕಾಲು ನೆಟ್ಟಗಾಯಿತು. ನೋವಿಲ್ಲ, ಬಿಗಿತವಿಲ್ಲ.

ನಾಲ್ಕನೇ ವಾರದ ಸೋಮವಾರ ನಾಲ್ಕೂವರೆಗೆ ಅಲಾರಂ ಇಟ್ಟೆ. ಎದ್ದೆ. ಮುಖ ತೊಳೆದೆ. ಒಂದು ಕಾಲಿಗೆ ಶೂ ಹಾಕಿ ಲೇಸ್ ಕಟ್ಟಿದೆ. ಇನ್ನೊಂದು ಶೂ ಕೈಯಲ್ಲೇ ಉಳಿಯಿತು. ಹಾಸಿಗೆ ಅಂಚಿನಲ್ಲಿ ಹಾಗೇ ಕೂತೆ. ನಿದ್ದೆ ಬರುತ್ತಿರಲಿಲ್ಲ, ಸುಸ್ತೂ ಇರಲಿಲ್ಲ. ಹೊರಗೆ ಹೋಗಬೇಕು ಎಂದು ಒಳಗಿನಿಂದ ಒಂದು ಮಾತೂ ಬರಲಿಲ್ಲ. ಹಾಲಿನವನ ಗಾಡಿ ಸದ್ದು ಕೇಳಿಸಿತು. ಮಸೀದಿಯ ಆಜಾನ್ ಆಯಿತು, ಗುಡಿಯ ಗಂಟೆ ಆಯಿತು. ಬೆಳಕಾಯಿತು. ಹೆಂಡತಿ ಎದ್ದು ಬಂದು, "ಹೋಗಿ ಬಂದಾಯ್ತಾ?" ಎಂದಳು. ನಾನು ಹೂಂ ಎಂದೆ. ಅದೇ ಮೊದಲ ಸುಳ್ಳು. ಅವತ್ತಿನಿಂದ ಸುಳ್ಳು ಸಲೀಸಾಯಿತು.

ಮರುದಿನ ಅಲಾರಂ ನಿಲ್ಲಿಸಿ ಮಲಗಿದೆ. ವಾರವಾಯಿತು, ತಿಂಗಳಾಯಿತು. ಮಾರ್ಚ್ ಬಂದ ಮೇಲೆ ಬಿಸಿಲೇ ನೆಪವಾಯಿತು. ನಮ್ಮೂರ ಬಿಸಿಲು ನಿನಗೆ ಗೊತ್ತಲ್ಲ, 40 ದಾಟಿದರೆ ಯಾರೂ ಕಾರಣ ಕೇಳುವುದಿಲ್ಲ. ಆದರೆ ಹಿಂದಿನ ಮಾರ್ಚಿನಲ್ಲಿ ನಾವು ಅದೇ ಬಿಸಿಲಿನ ಊರಿನಲ್ಲಿ ಐದಕ್ಕೇ ಹೊರಟು ಸಂಗನಕಲ್ಲು ಗುಡ್ಡದವರೆಗೆ ಹೋಗಿ ಬಂದಿರಲಿಲ್ಲವೇ? ಬಿಸಿಲು ಕಾರಣ ಅಲ್ಲ ಎಂದು ನನಗೆ ಗೊತ್ತಿತ್ತು.

ಜಾಸ್ತಿ ಹಿಂಸೆ ಮಾಡಿದ್ದು ಒಂದೇ ಪ್ರಶ್ನೆ. "ಮುಂದೇನು?" ಕಂಡವರೆಲ್ಲ ಪ್ರೀತಿಯಿಂದಲೇ ಕೇಳುತ್ತಿದ್ದರು. ಒಬ್ಬರು ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟದ ವಿಡಿಯೋ ಕಳಿಸಿದರು. ಸುಮಾರು 90 ಕಿಲೋಮೀಟರಿನ ಓಟ. "ನಿಮಗೆ ಇದೂ ಆಗುತ್ತೆ ಸಾರ್" ಎಂದು ಬರೆದಿದ್ದರು. ಓದಿದಾಗ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಯಿತು.

ಮೇ ತಿಂಗಳಲ್ಲಿ ಮಗನಿಗೆ ರಜೆ. ಒಂದು ಬೆಳಿಗ್ಗೆ ಕೋಟೆ ಗುಡ್ಡ ಹತ್ತೋಣ ಎಂದು ಹಟ ಹಿಡಿದ. ಹತ್ತಿದೆವು. ಮೇಲೆ ನಿಂತು ಅವನಿಗೆ ಹೈದರಾಲಿಯ ಕಾಲದ ಕತೆ ಹೇಳಿದೆ. ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರನ ಕತೆ ನಮ್ಮ ಊರಲ್ಲಿ ಯಾರಿಗೆ ಗೊತ್ತಿಲ್ಲ? ಕೋಟೆ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿಂದ ಕೋಟೆಯ ಒಳಗೆಲ್ಲ ಕಾಣುತ್ತದೆ. ಅದಕ್ಕೇ ಅವನನ್ನು ಗಲ್ಲಿಗೇರಿಸಿದರು ಎಂದು ಹೇಳುತ್ತಾರೆ. ಮಗ ಕುಂಬಾರ ಗುಡ್ಡವನ್ನೇ ನೋಡುತ್ತಾ ನಿಂತ. "ಪಾಪ, ಕೋಟೆ ಚೆನ್ನಾಗೇ ಕಟ್ಟಿದ್ದಾನಲ್ಲ ಅಪ್ಪಾ" ಎಂದ. ನನಗೆ ಆ ಮಾತು ಬಹಳ ಹೊತ್ತು ತಲೆಯಿಂದ ಹೋಗಲಿಲ್ಲ.

ಇಳಿಯುವಾಗ ಇನ್ನೊಂದು ಕೇಳಿದ. "ಮ್ಯಾರಥಾನ್ 42 ಕಿಲೋಮೀಟರ್ ಸರಿ, ಮೇಲೆ 195 ಮೀಟರ್ ಯಾಕೆ?" ನೀನು ನನಗೆ ಹೇಳಿದ್ದನ್ನೇ ಹೇಳಿದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯ ಹತ್ತಿರ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಸಿದರು. ಆಗ ಬಂದ ಅಳತೆಯನ್ನೇ 1921ರಲ್ಲಿ ಎಲ್ಲ ಕಡೆಗೂ ಖಾಯಂ ಮಾಡಿದರು. ಮಗ ಸ್ವಲ್ಪ ಯೋಚಿಸಿ, "ಅರಮನೆ ಇನ್ನೊಂದು ಕಡೆ ಇದ್ದಿದ್ದರೆ ನೀನು ಬೇರೆ ಅಷ್ಟು ಓಡ್ತಿದ್ದೆ, ಅಲ್ವಾ?" ಎಂದ. ಹೌದು ಎಂದೆ. ಒಂದು ವರ್ಷ ಆ ಸಂಖ್ಯೆಯನ್ನು ದೇವರ ಹೆಸರಿನ ಹಾಗೆ ಜಪಿಸಿದ್ದೆ. ಹೀಗೆ ಒಂದು ಸಲವೂ ಯೋಚಿಸಿರಲಿಲ್ಲ.

ಈ ನಡುವೆ ನನಗೆ ಏನೋ ಕಾಯಿಲೆ ಎಂದು ಹೆದರಿ ಒಂದಿಷ್ಟು ಓದಿದೆ. ಈಜುಗಾರ ಮೈಕೆಲ್ ಫೆಲ್ಪ್ಸ್ ಒಲಿಂಪಿಕ್ಸ್‌ನಲ್ಲಿ 23 ಚಿನ್ನ ಸೇರಿ 28 ಪದಕ ಗೆದ್ದವರು. ಒಲಿಂಪಿಕ್ಸ್ ಮುಗಿದ ಮೇಲೆಲ್ಲ ಖಿನ್ನತೆಗೆ ಬೀಳುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರೆಲ್ಲಿ, ನಾನೆಲ್ಲಿ. ಆದರೂ ಓದಿದ ರಾತ್ರಿ ಸ್ವಲ್ಪ ಉಸಿರಾಡಲು ಜಾಗ ಸಿಕ್ಕ ಹಾಗಾಯಿತು. ನನ್ನಲ್ಲಿ ಮಾತ್ರ ಏನೋ ಕೆಟ್ಟಿದೆ ಎಂಬ ಭಯ ಹೋಯಿತು.

ನಿಜವಾದ ಕಾರಣ ಸಿಕ್ಕಿದ್ದು ಜೂನ್‌ನಲ್ಲಿ, ಅದೂ ನನ್ನದೇ ಮೇಜಿನ ಡ್ರಾಯರಿನಲ್ಲಿ. ನಾನು ಓಟದ ಲೆಕ್ಕ ಬರೆಯುತ್ತಿದ್ದ ಉದ್ದನೆಯ ಪುಸ್ತಕ ನಿನಗೆ ನೆನಪಿರಬೇಕು. ಸೆಪ್ಟೆಂಬರ್ 15ರಿಂದ 18 ವಾರ. ತಾರೀಕು, ದೂರ, ಸಮಯ, ಷರಾ. ದಸರಾ, ದೀಪಾವಳಿ ಆರ್ಡರ್ ಇದ್ದಾಗ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೂ ಬರೆದಿದ್ದೇನೆ. ಷರಾದಲ್ಲಿ ಮೊದಮೊದಲು ಏನೇನೋ ಇದೆ. "ಏರಿ ಮೇಲೆ ಮಂಜು." "ಮೆಣಸಿನ ಹೊಲದ ಘಾಟು, ಇಬ್ಬರೂ ಸೀನಿದೆವು." "ತಾತನ ಎಮ್ಮೆ ಕರು ಹಾಕಿದೆ." ನವೆಂಬರ್ ಆದಮೇಲೆ ಆ ಕಲಂ ಖಾಲಿ. ಬರೀ ಅಂಕಿ. ನೀನಿಲ್ಲದ ಮೇಲೆ ನಾನು ಸುತ್ತ ನೋಡುವುದನ್ನೇ ಬಿಟ್ಟೆ ಅನಿಸುತ್ತದೆ. ತರಬೇತಿಯ 783 ಕಿಲೋಮೀಟರ್, ಅದಕ್ಕೆ ಜನವರಿ 19ರ 42.195 ಸೇರಿಸಿ ಒಟ್ಟು 825.195 ಎಂದು ಬರೆದಿದ್ದೇನೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಸ್ಕೇಲ್ ಇಟ್ಟು ಎರಡು ಗೆರೆ.

ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವನು ನಾನು. ಎರಡು ಗೆರೆ ಯಾವಾಗ ಎಳೆಯುತ್ತಾರೆ? ಖಾತೆ ಮುಚ್ಚಿದಾಗ. ಇನ್ನು ಇದರಲ್ಲಿ ಬರೆಯುವುದು ಏನೂ ಇಲ್ಲ ಎಂದಾಗ. ಮುಂಬೈಯಿಂದ ಬಂದ ರಾತ್ರಿ ಹೆಮ್ಮೆಯಿಂದ ನಾನೇ ಎಳೆದಿದ್ದೆ. ಆಮೇಲೆ ನಾಲ್ಕೈದು ತಿಂಗಳು, ಯಾಕೆ ಓಡಲು ಆಗುತ್ತಿಲ್ಲ ಎಂದು ತಲೆ ಕೆಡಿಸಿಕೊಂಡೆ. ಮುಚ್ಚುವುದಕ್ಕೆಂದೇ ತೆರೆದ ಖಾತೆ ಅದು. ಮುಗಿದ ಮೇಲೆ ಮನಸ್ಸು ಅದನ್ನು ಎತ್ತಿ ಇಟ್ಟುಬಿಟ್ಟಿತ್ತು, ಅಷ್ಟೇ.

ಜುಲೈ 14ರಂದು ಮ್ಯಾರಥಾನ್ ಓಟಗಾರ ಫೌಜಾ ಸಿಂಗ್ ತೀರಿಕೊಂಡರು. ನೀನೂ ಅವತ್ತು ಮೆಸೇಜ್ ಮಾಡಿದ್ದೆ. 114 ವರ್ಷ. ಜಲಂಧರ್ ಹತ್ತಿರದ ತಮ್ಮೂರಿನಲ್ಲಿ ನಡೆಯಲು ಹೊರಟಿದ್ದಾಗ ಗಾಡಿ ಬಡಿಯಿತು. ಎಷ್ಟು ಸಂಕಟವಾಯಿತು! 89ರಲ್ಲಿ ಲಂಡನ್‌ನಲ್ಲಿ ಮೊದಲ ಮ್ಯಾರಥಾನ್ ಓಡಿದರು, 100ರಲ್ಲಿ ಟೊರಾಂಟೊದಲ್ಲಿ ಓಡಿದರು ಎಂದು ಎಲ್ಲರೂ ಬರೆದರು. ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. 2013ರಲ್ಲಿ ಹಾಂಗ್‌ಕಾಂಗ್‌ನಲ್ಲಿ 10 ಕಿಲೋಮೀಟರ್ ಓಡಿ ಅವರು ಸ್ಪರ್ಧೆ ಬಿಟ್ಟಿದ್ದರು. ಅದಾಗಿ 12 ವರ್ಷ. ಪದಕವಿಲ್ಲ, ಎದೆ ಮೇಲೆ ನಂಬರಿಲ್ಲ. ಆದರೂ ಆ ಮನುಷ್ಯ ಅವತ್ತು ಮನೆಯಿಂದ ಹೊರಟಿದ್ದು ನಡೆಯಲು. ಪೇಪರ್ ಮಡಚಿಟ್ಟು ಬಹಳ ಹೊತ್ತು ಸುಮ್ನೆ ಕೂತೆ.

ಅದಾದ ಕೆಲವು ದಿನಕ್ಕೆ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರ್, "ಕಾಲುವೇಲಿ ನೀರು ತುಂಬಿ ಹರೀತೈತೆ, ನೋಡಿದ್ರಾ?" ಎಂದರು. ನಾನು ನೋಡಿರಲಿಲ್ಲ. ಬೇಸಿಗೆಯಲ್ಲಿ ಕಾಲುವೆ ಒಣಗಿದ್ದನ್ನೂ ನೋಡಿರಲಿಲ್ಲ. ಮರುದಿನ ಅಲಾರಂ ಇಲ್ಲದೇ ಎಚ್ಚರವಾಯಿತು. ಓಡಬೇಕೆಂದು ಅಲ್ಲ, ನೀರು ನೋಡಬೇಕೆಂದು ಹೊರಟೆ. ಚಪ್ಪಲಿ, ಲುಂಗಿ ಮೇಲೊಂದು ಹಳೆ ಅಂಗಿ. ವಾಚ್ ಕೂಡ ಮನೆಯಲ್ಲೇ ಇತ್ತು.

ದೋಸ್ತಾ, ಆ ನೀರಿನ ಬಣ್ಣ ಹೇಗೆ ಹೇಳಲಿ. ಹೊಸ ನೀರು, ಕೆಂಪು ಮಣ್ಣು ಕಲಸಿದ ಚಹಾದ ಬಣ್ಣ. ಅಂಚಿಗೆ ಒಣ ಕಡ್ಡಿ, ನೊರೆ ಸುತ್ತುತ್ತಾ ಬರುತ್ತಿತ್ತು. ದೂರದಲ್ಲಿ ಸಸಿ ಮಡಿ ಹಸಿರಾಗಿತ್ತು. ಎಮ್ಮೆ ತಾತ ಎದುರು ಬಂದ. "ಎಲ್ಲಿ ಹೋಗಿದ್ರಿ ಸಾರ್, ಕಾಣ್ಲೇ ಇಲ್ಲ? ಹುಷಾರಿರ್ಲಿಲ್ಲೇನು?" ಎಂದ. ನಾನು ಇಷ್ಟು ತಿಂಗಳಲ್ಲಿ ಮೊದಲ ಸಲ ನಿಜ ಹೇಳಿದೆ. "ಹುಷಾರಿದ್ದೆ ತಾತ. ಮನಸ್ಸು ಬರಲಿಲ್ಲ." ಅವನು ತಲೆ ಆಡಿಸಿದ. "ಮನಸು ಅಲ್ವಾ, ಬರ್ಲಿ ಬಿಡ್ರಿ, ಬಂದಾಗ ಬರ್ಲಿ" ಎಂದು ಎಮ್ಮೆ ಹಿಂದೆ ಹೋದ. ಹೋಗುತ್ತಾ ತಿರುಗಿ, "ನಿಮ್ಮ ದೋಸ್ತ್ ಆರಾಮಾ? ಕಾಲು ನೋವು ಹೋಯ್ತಾ?" ಎಂದು ಕೇಳಿದ. ಅವನಿಗೆ ನಿನ್ನ ನೆನಪಿದೆ.

ಆಮೇಲೆ ಏನಾಯಿತೋ. ಚಪ್ಪಲಿ ಕೈಗೆ ತಗೊಂಡೆ, ಲುಂಗಿ ಎತ್ತಿ ಕಟ್ಟಿದೆ. ಒಂದು ತೂಬಿನಿಂದ ಮುಂದಿನ ತೂಬಿನವರೆಗೆ ನೀರಿನ ಜೊತೆ ಓಡಿದೆ. ಬರಿಗಾಲು. ನೀನು ಯಾವಾಗಲೂ ಹೇಳುತ್ತಿದ್ದ ಶಿವನಾಥ್ ಸಿಂಗ್ ನೆನಪಾದರು. ಬರಿಗಾಲ ಓಟಗಾರ, 1978ರಲ್ಲಿ ಇದೇ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದವರು. ನಾನು ಓಡಿದ್ದು ಒಂದು ಕಿಲೋಮೀಟರ್ ಇರಬಹುದು, ಕಡಿಮೆಯೇ ಇರಬಹುದು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅಂಗಾಲಿಗೆ ಹಸಿ ಮಣ್ಣು ತಾಗಿದ್ದು, ಎದೆ ತುಂಬಾ ಉಸಿರು ಎಳೆದದ್ದು ಚೆನ್ನಾಗಿ ನೆನಪಿದೆ.

ಅವತ್ತಿನಿಂದ ಪೂರ್ತಿ ಸರಿಹೋಯಿತು ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಮರುದಿನ ಹೋಗಲಿಲ್ಲ. ಆ ವಾರ ಎರಡು ದಿನ ಹೋದೆ, ಅದರಲ್ಲಿ ಒಂದು ದಿನ ಬರೀ ನಡೆದೆ. ಕಳೆದ ವಾರ ಮೂರು ದಿನ. ಮಗ ಒಮ್ಮೆ ಸೈಕಲ್ಲಿನಲ್ಲಿ ಜೊತೆಗೆ ಬಂದ. ಹೊಸ ಪುಸ್ತಕ ತಂದಿಲ್ಲ. ಹಳೆಯದನ್ನೇ ತೆಗೆದು ಕೆಂಪು ಗೆರೆಯ ಕೆಳಗೆ ಷರಾ ಕಲಂನಲ್ಲಿ ಮಾತ್ರ ಬರೆಯುತ್ತಿದ್ದೇನೆ. ಮೊನ್ನೆ ಬರೆದದ್ದು: "ತಾತನ ಕರು ಈಗ ಏರಿ ಹತ್ತುತ್ತದೆ."

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಈ ಸಲ ನನ್ನ ಹೆಸರು ಕೊಡಬೇಡ. ದುಡ್ಡು ಕಟ್ಟಬೇಡ. ಈಗ ತಾರೀಕು ಕೈಗೆ ಬಂದರೆ ನಾನು ಮತ್ತೆ ಅಂಕಿಗೇ ಇಳಿಯುತ್ತೇನೆ, ನನಗೆ ನನ್ನ ಸ್ವಭಾವ ಗೊತ್ತು. ಒಂದು ವರ್ಷ ಈ ಏರಿ ಮೇಲೆ ಹೀಗೇ ಇರಲು ಬಿಡು. ಮುಂದೆ ಎಂದಾದರೂ ನಾನಾಗಿಯೇ ಕೇಳಿದರೆ ಆಗ ಹೋಗೋಣ.

ಆದರೆ ನೀನು ಬಿಡಬೇಡ. ನಿನಗೆ ಈ ಓಟ ಬಾಕಿ ಇದೆ. ದಸರಾಕ್ಕೆ ಊರಿಗೆ ಬಾ, ನಿನ್ನ ಉದ್ದನೆ ಓಟಕ್ಕೆ ನಾನು ಮಗನ ಸೈಕಲ್ ತಗೊಂಡು ನೀರಿನ ಬಾಟಲ್ ಹಿಡಿದು ಜೊತೆಗೆ ಬರುತ್ತೇನೆ. ಜನವರಿಯಲ್ಲಿ ಮುಂಬೈಗೂ ಬರುತ್ತೇನೆ. ಪೆಡ್ಡರ್ ರೋಡಿನ ಏರು ಶುರುವಾಗುವ ಕಡೆ, ಆ ಅಜ್ಜಿ ನಿಂತಿದ್ದ ಜಾಗದಲ್ಲೇ ನಿಲ್ಲುತ್ತೇನೆ. ಕಿತ್ತಳೆ ಸುಲಿದು ಉಪ್ಪು ಹಾಕಿ ಇಟ್ಟಿರುತ್ತೇನೆ. ಏರು ಮುಗಿಯುವವರೆಗೆ ಫುಟ್‌ಪಾತಿನ ಮೇಲೆ ನಿನ್ನ ಜೊತೆ ಓಡುತ್ತೇನೆ.

ಸುಳ್ಳು ಹೇಳಿದ್ದಕ್ಕೆ ಬೈಯ್ಯಬೇಕೆನಿಸಿದರೆ ಬೈದುಬಿಡು. ಆದರೆ ಭಾನುವಾರದ ಫೋನ್ ತಪ್ಪಿಸಬೇಡ. ಎಷ್ಟು ಎಂದೇ ಕೇಳು. ಓಡದಿದ್ದರೆ ಓಡಿಲ್ಲ ಎಂದೇ ಹೇಳುತ್ತೇನೆ.

ಅತ್ತಿಗೆಗೆ, ಮಕ್ಕಳಿಗೆ ನೆನಪು ಹೇಳು.

ನಿನ್ನ
ದೋಸ್ತ